ಹೊಸ ನಗರ ಕಟ್ಟಬೇಕಾ, ಇರೋ ನಗರ ಸರಿ ಮಾಡಬೇಕಾ? ಹವಾಮಾನಕ್ಕೆ ನಿಜವಾಗಿ ಯಾವುದು ಉಪಯೋಗ?

ಎಂಟನೇ ಕ್ಲಾಸ್ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡ್ತೀನಿ. "2050ರ ನಗರ" ಅಂತ ಚಿತ್ರ ಬರೆಯೋಕೆ ಮಕ್ಕಳಿಗೆ ಹೇಳಿದ್ದೆ. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಥರ: ಗಾಜಿನ ಗೋಪುರ, ಮಹಡಿಗೊಂದು ತೋಟ, ಮೇಲೆ ಹಾರೋ ಕಾರು. ಬಸ್ಸು ಯಾರೂ ಬರೆದಿರಲಿಲ್ಲ. ಕೊನೆಗೆ ಒಬ್ಬಳು ಕೇಳಿದಳು, "ಸರ್, ಇದನ್ನ ಕಟ್ಟಬೇಕು ಅಂದ್ರೆ ಈಗಿರೋ ಊರು ಕೆಡವಬೇಕಾ?"

ವಿಶ್ವಸಂಸ್ಥೆಯ 2018ರ ಅಂದಾಜಿನ ಪ್ರಕಾರ 2050ಕ್ಕೆ ಜಗತ್ತಿನ 68% ಜನ ನಗರಗಳಲ್ಲಿ ಇರ್ತಾರೆ. 2020ರಲ್ಲಿ ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ನಗರಗಳ ಪಾಲು 67ರಿಂದ 72% ಇತ್ತು ಅಂತ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ ವರದಿ ಹೇಳುತ್ತೆ. ಹಾಗಾಗಿ ಅವಳ ಪ್ರಶ್ನೆ ಸಣ್ಣದಲ್ಲ. ಎಲ್ಲ ಹೊಸದಾಗಿ ಕಟ್ಟೋ "ಹಸಿರು ನಗರ"ಗಳಿಂದ ಇದು ಬಗೆಹರಿಯುತ್ತಾ? ಅಥವಾ ಇರೋದನ್ನೇ ತಿದ್ದಬೇಕಾ? ಕೆಲಸ ಗೊತ್ತಿರೋರು ಹೇಳಿ.

ಕಂಬಿಕಟ್ಟು:
ಸರ್, ನಾನು ಸ್ಟ್ರಕ್ಚರಲ್ ಎಂಜಿನಿಯರ್. ಆ ಹುಡುಗಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ.

ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 7-8% ಸಿಮೆಂಟ್ ಒಂದರಿಂದಲೇ ಬರೋದು. ಗೂಡಿಗೆ ಕಲ್ಲಿದ್ದಲು ಉರಿಸ್ತಾರೆ, ಅದಕ್ಕೇ ಹೊಗೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಆದ್ರೆ ಅರ್ಧಕ್ಕಿಂತ ಜಾಸ್ತಿ ಬರೋದು ಕಲ್ಲಿನ ಒಳಗಿಂದ. ಸುಣ್ಣದಕಲ್ಲು ಕಾಯಿಸಿದಾಗ ಸುಣ್ಣ ಉಳಿಯುತ್ತೆ, ಉಳಿದದ್ದು ಅನಿಲವಾಗಿ ಹೋಗುತ್ತೆ. ಶುದ್ಧ ಸುಣ್ಣದಕಲ್ಲು ಒಂದು ಟನ್ ಸುಟ್ರೆ 440 ಕೆಜಿ ಇಂಗಾಲದ ಡೈಆಕ್ಸೈಡ್. ಅದು ರಸಾಯನಶಾಸ್ತ್ರ, ಗೂಡನ್ನ ಸೋಲಾರಲ್ಲಿ ನಡೆಸಿದ್ರೂ ತಪ್ಪಲ್ಲ.

ಈಗ ಒಂದು ಗೋಪುರ ತಗೊಳ್ಳಿ. ಅಡಿಪಾಯದ ಪೈಲ್, ರಾಫ್ಟ್, ಮೇಲೆ ಕಾಲಮ್ಮು, ಸ್ಲ್ಯಾಬು, ಎಲ್ಲ ಕಾಂಕ್ರೀಟೇ. ಮೊದಲ ಬಾಡಿಗೆದಾರ ಬೀಗ ತೆಗೆಯೋ ಮೊದಲೇ ಹೊಗೆಯ ದೊಡ್ಡ ಸಾಲ ಆಗಿಹೋಗಿರುತ್ತೆ. ಮೇಲೆ ಸೋಲಾರ್ ಹಾಕಿ ವರ್ಷ ವರ್ಷ ಒಂದಿಷ್ಟು ತೀರಿಸಬಹುದು. ಆದ್ರೆ ಹೊಗೆ ಹೋಗಿರೋದು ಇವತ್ತು, ಕಡಿಮೆ ಮಾಡಬೇಕಾಗಿರೋದೂ ಇವತ್ತು. ಗಟ್ಟಿಯಾಗಿರೋ ಕಟ್ಟಡ ಕೆಡವಿ "ಹಸಿರು ಕಟ್ಟಡ" ಕಟ್ಟೋದನ್ನ ನಾನು ಯಾವತ್ತೂ ಒಪ್ಪಲ್ಲ.

ಬಸ್ ಪಾಸು:
ಚಿತ್ರದಲ್ಲಿ ಬಸ್ಸಿಲ್ಲ ಅಂದ್ರೆ ಅದು ಭವಿಷ್ಯದ ನಗರ ಅಲ್ಲ. ಇಷ್ಟೇ ನನ್ನ ಮಾತು.

ನಾಳೆಮನೆ:
@ಕಂಬಿಕಟ್ಟು ಅರ್ಧ ಒಪ್ತೀನಿ, ಅರ್ಧ ಇಲ್ಲ. "ಕಟ್ಟಬೇಡಿ" ಅಂತ ಹೇಳೋದು ಈಗಾಗಲೇ ಮನೆ ಇರೋರಿಗೆ ಸುಲಭ. ಏಷ್ಯಾ, ಆಫ್ರಿಕಾದಲ್ಲಿ ಕೋಟ್ಯಂತರ ಜನಕ್ಕೆ ಇನ್ನೂ ಸರಿಯಾದ ಸೂರಿಲ್ಲ. 2060ರ ಹೊತ್ತಿಗೆ ಜಗತ್ತಿನ ಕಟ್ಟಡಗಳ ಒಟ್ಟು ವಿಸ್ತೀರ್ಣ ಎರಡು ಪಟ್ಟಾಗುತ್ತೆ ಅನ್ನೋ ಅಂದಾಜಿದೆ. ನಲವತ್ತು ವರ್ಷ ಪ್ರತಿ ತಿಂಗಳೂ ಒಂದೊಂದು ನ್ಯೂಯಾರ್ಕ್ ಕಟ್ಟಿದಷ್ಟು. ನೀವು ಬೇಡ ಅಂದ್ರೂ ಅದು ಆಗುತ್ತೆ. ಹೇಗೆ ಆಗುತ್ತೆ ಅನ್ನೋದಷ್ಟೇ ನಮ್ಮ ಕೈಲಿರೋದು.

1990ರ ಆಸುಪಾಸು ಅಟ್ಲಾಂಟಾ, ಬಾರ್ಸಿಲೋನಾ ಎರಡರ ಜನಸಂಖ್ಯೆ ಹತ್ತಿರ ಹತ್ತಿರ ಇತ್ತು, 25 ಲಕ್ಷ, 28 ಲಕ್ಷ. ಅಟ್ಲಾಂಟಾ ಹಬ್ಬಿದ್ದು ಸುಮಾರು 4,280 ಚದರ ಕಿಮೀ. ಬಾರ್ಸಿಲೋನಾ 162. ಓಡಾಟದ ಹೊಗೆ ತಲಾವಾರು ಲೆಕ್ಕದಲ್ಲಿ ಸುಮಾರು ಹತ್ತು ಪಟ್ಟು ವ್ಯತ್ಯಾಸ. ಅಟ್ಲಾಂಟಾದವರೇನೂ ಕೆಟ್ಟವರಲ್ಲ, ಹಾಲು ತರೋಕೂ ಕಾರು ತೆಗೀಬೇಕಾದ ಊರಲ್ಲಿದ್ದಾರೆ. ಒಂದ್ಸಲ ರಸ್ತೆ, ಸೈಟು ಹೀಗೆ ಬಿತ್ತು ಅಂದ್ರೆ ನೂರು ವರ್ಷ ಬದಲಾಗಲ್ಲ. ಹೊಸ ನಗರದ ನಕ್ಷೆ ಹಾಕೋ ದಿನವೇ ಮುಂದಿನ ನೂರು ವರ್ಷದ ಹೊಗೆ ತೀರ್ಮಾನ ಆಗಿಬಿಡುತ್ತೆ.

ಕಂಬಿಕಟ್ಟು:
@ನಾಳೆಮನೆ ಕಟ್ಟಲೇಬೇಡಿ ಅಂತ ನಾನೆಲ್ಲಿ ಅಂದೆ? ಗಟ್ಟಿಯಾಗಿರೋದನ್ನ ಕೆಡವಬೇಡಿ ಅಂದೆ. ಕಟ್ಟೋದಾದ್ರೆ ಐದಾರು ಮಹಡಿ ಕಟ್ಟಿ, ಅದು ಗೋಪುರಕ್ಕಿಂತ ಕಡಿಮೆ ಕಬ್ಬಿಣ, ಕಡಿಮೆ ಸಿಮೆಂಟಲ್ಲಿ ಆಗುತ್ತೆ. ಬಾರ್ಸಿಲೋನಾ ಹಳೇ ಬಡಾವಣೆಗಳೂ ಹಾಗೇ, ಮುಗಿಲೆತ್ತರ ಏನಲ್ಲ. ಕ್ಲಿಂಕರ್ (ಗೂಡಲ್ಲಿ ಸುಟ್ಟು ಬರೋ ಸಿಮೆಂಟಿನ ಮೂಲವಸ್ತು) ಪ್ರಮಾಣ ಇಳಿಸಿ, ಸುಟ್ಟ ಜೇಡಿಮಣ್ಣು ಮತ್ತೆ ಸುಣ್ಣದಕಲ್ಲಿನ ಪುಡಿ ಬೆರೆಸೋ ಎಲ್‌ಸಿ3 ಸಿಮೆಂಟ್ ಬಂದಿದೆ, ಮಾಮೂಲಿಗಿಂತ 40% ತನಕ ಹೊಗೆ ಕಡಿಮೆ. ಟೆಂಡರಲ್ಲಿ ಅದನ್ನ ಬರೆಸೋರು ಬೇಕು.

ಮರಳುಗಾಡು:
ದುಬಾರಿ ಹೊಸ ನಗರಗಳ ಕಥೆ ಗೊತ್ತೇ ಇದೆಯಲ್ಲ. ಅಬುಧಾಬಿಯ ಮಸ್ದರ್ 2006ರಲ್ಲಿ ಘೋಷಣೆ ಆಯ್ತು. ಕಾರೇ ಇಲ್ಲದ, ಹೊಗೆಯೇ ಇಲ್ಲದ ಊರು, 2016ಕ್ಕೆ ಮುಗಿಯುತ್ತೆ ಅಂದ್ರು. ಗಡುವು 2030ಕ್ಕೆ ಹೋಯ್ತು. ಇಡೀ ಊರನ್ನ ಎತ್ತರದ ಕಟ್ಟೆ ಮೇಲೆ ನಿಲ್ಲಿಸಿ ಕೆಳಗೆ ಚಾಲಕರಿಲ್ಲದ ಪುಟ್ಟ ಗಾಡಿ ಓಡಿಸೋ ಯೋಜನೆ ಶುರುವಿನ ಒಂದು ತುಣುಕಿಗೇ ನಿಂತಿತು. ಸೌದಿಯ "ದಿ ಲೈನ್" ಇನ್ನೂ ಮುಂದೆ ಹೋಗಿ 170 ಕಿಮೀ ಉದ್ದ, 500 ಮೀಟರ್ ಎತ್ತರದ ಎರಡು ಗೋಡೆ ನಡುವೆ 90 ಲಕ್ಷ ಜನ ಅಂತು. ಅಷ್ಟು ಉಕ್ಕು, ಕಾಂಕ್ರೀಟು, ಗಾಜು ತಯಾರಾಗೋವಾಗಿನ ಹೊಗೆ ಯಾರ ಲೆಕ್ಕಕ್ಕೆ?

ಓಣಿಯಾಂವ:
ನೋಡ್ರಿ, ಮಸ್ದರ್ ಪೂರಾ ಸೋತೈತಿ ಅನ್ನೂದು ತಪ್ಪು. ಅಲ್ಲಿ ಕಲಿಯೂದು ಒಂದ್ ಐತಿ, ಅದನ್ನ ಯಾರೂ ಹೇಳೂದಿಲ್ಲ. ಓಣಿ ಸಣ್ಣ ಇಟ್ಟಾರ, ಎರಡೂ ಕಡೆ ಗ್ವಾಡಿ ನೆರಳು ಓಣಿ ಮ್ಯಾಲ ಬೀಳತೈತಿ, ಗಾಳಿ ಬರೂ ದಿಕ್ಕ ನೋಡಿ ಓಣಿ ತಿರುಗಿಸ್ಯಾರ. ಹೊರಗಿನ ಅಗಲ ರಸ್ತೆಕಿಂತ ಒಳಗ ತಂಪ ಐತಿ. ಇದಕ್ಕ ಮಷೀನ್ ಬ್ಯಾಡ, ಕರೆಂಟ್ ಬ್ಯಾಡ. ಮರುಭೂಮಿ ಹಳೇ ಊರಾಗ ಸಾವಿರ ವರ್ಷದ ಹಿಂದನ ಇದ ಮಾಡ್ಯಾರ. ಗಾಡಿ ಕೆಲಸ ಮಾಡ್ಲಿಲ್ಲ, ನೆರಳ ಕೆಲಸ ಮಾಡ್ತು. ಹೊಸಾದು ಕಟ್ಟೂ ಮಂದಿ ಇದನ್ನ ಬರಕೊಬೇಕ್ರಿ.

ಸೈಕಲ್ ಬೆಲ್ಲು:
ಎಲ್ಲರೂ ಕೋಪನ್‌ಹೇಗನ್ ಮರೆತಿರಾ? 2025ಕ್ಕೆ ಇಂಗಾಲಮುಕ್ತ ಆದ ಮೊದಲ ರಾಜಧಾನಿ ಅಲ್ವಾ.

ಲೆಕ್ಕದ ಪುಸ್ತಕ:
@ಸೈಕಲ್ ಬೆಲ್ಲು ಇಲ್ಲ, ಆಗಲಿಲ್ಲ. ಆ ಗುರಿ ಮುಟ್ಟೋಕಾಗಲ್ಲ ಅಂತ ಆ ನಗರದವರೇ 2022ರಲ್ಲಿ ಹೇಳಿದ್ರು. ಕಸ ಸುಟ್ಟು ಬಿಸಿನೀರು, ವಿದ್ಯುತ್ ಮಾಡೋ ಘಟಕದ ಚಿಮಣಿಯಿಂದ ಇಂಗಾಲ ಹಿಡಿದಿಡೋ ಯೋಜನೆಗೆ ಹಣ ಹೊಂದಲಿಲ್ಲ, ಗುರಿ ನಿಂತಿದ್ದು ಅದರ ಮೇಲೆ. ಹೊಗೆ ಬಹಳ ಇಳಿಸಿದ್ದಾರೆ, ಅದನ್ನ ಮೆಚ್ಚಲೇಬೇಕು. ಗುರಿ ಮಾತ್ರ ಮುಟ್ಟಿಲ್ಲ.

ಇನ್ನೊಂದು ವಿಷಯ, ಮೇಷ್ಟ್ರು ಕೊಟ್ಟ 67-72% ಲೆಕ್ಕದ ಬಗ್ಗೆ. ಅದರಲ್ಲಿ ನಗರದವರು ಬಳಸೋ ವಸ್ತುಗಳ ಹೊಗೆಯೂ ಸೇರಿದೆ, ಅದು ಎಲ್ಲೇ ಉಗುಳಿರಲಿ. ನಗರಗಳು ಘೋಷಿಸೋ "ಶೂನ್ಯ" ಬಹಳಷ್ಟು ಸಲ ಊರ ಗಡಿ ಒಳಗಿನ ಹೊಗೆ ಮಾತ್ರ. ಉಕ್ಕಿನ ಕಾರ್ಖಾನೆ ಗಡಿ ಆಚೆ ಇದ್ರೆ ಲೆಕ್ಕಕ್ಕಿಲ್ಲ. ಯಾವ ನಗರ ಏನು ಘೋಷಿಸಿದ್ರೂ ಮೊದಲು ಕೇಳಬೇಕಾದ್ದು: ಗಡಿ ಎಲ್ಲಿ ಹಾಕಿದ್ರಿ?

ತಂಪುಗಾಳಿ:
ನಾನು ಎಸಿ ರಿಪೇರಿ ಮಾಡೋನು. ಸಿಮೆಂಟು, ಕಾರು ಎಲ್ಲ ಬಂತು, ಎಸಿಯೊಳಗೆ ತಂಪು ಮಾಡೋ ಗ್ಯಾಸಿನ ಮಾತು ಬರಲಿಲ್ಲ, ಅದಕ್ಕೆ ಬರೀತಿದ್ದೀನಿ.

ಔಟ್‌ಡೋರ್ ಯೂನಿಟ್ಟಿಗೆ ತಾಮ್ರದ ಪೈಪ್ ಸೇರೋ ಕಡೆ ಫ್ಲೇರ್ ನಟ್ ಇರುತ್ತೆ. ಪೈಪಿನ ಬಾಯಿ ಸರಿಯಾಗಿ ಅರಳಿಸದೆ ನಟ್ ಬಿಗಿದ್ರೆ ಅಲ್ಲಿಂದ ಗ್ಯಾಸ್ ಸೋರುತ್ತೆ. ಸೋಪು ನೀರು ಹಚ್ಚಿ ನೋಡಿ, ಸಣ್ಣ ಸಣ್ಣ ಗುಳ್ಳೆ ಏಳ್ತವೆ. ಲೀಕ್ ಹುಡುಕಿ, ಪೈಪ್ ಕತ್ತರಿಸಿ, ಮತ್ತೆ ಫ್ಲೇರ್ ಮಾಡಿ, ವ್ಯಾಕ್ಯೂಮ್ ಎಳೆದು, ಆಮೇಲೆ ತುಂಬಿಸಬೇಕು. ಮನೆಯವರು "ಅದೆಲ್ಲ ಬೇಡ, ಗ್ಯಾಸ್ ತುಂಬಿಸಿ ಹೋಗಿ" ಅಂತಾರೆ. ತುಂಬಿಸಿದ್ದು ಮುಂದಿನ ಬೇಸಿಗೆಯೊಳಗೆ ಗಾಳಿಗೆ. ಹಳೇ ಯೂನಿಟ್ ಬಿಚ್ಚೋವಾಗ ಗ್ಯಾಸನ್ನ ಸಿಲಿಂಡರಿಗೆ ಎಳ್ಕೊಳ್ಳಬೇಕು, ಆದ್ರೆ ವಾಲ್ವ್ ತಿರುಗಿಸಿ ಬುಸ್ಸಂತ ಬಿಡೋರೇ ಜಾಸ್ತಿ.

ಎಸಿಯಲ್ಲಿ ಬಳಸೋ ಆರ್-410ಎ ಅನ್ನೋ ಗ್ಯಾಸ್ ಒಂದು ಕೆಜಿ ಹೊರಗೆ ಹೋದ್ರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಆರ್-32 ಆದ್ರೆ ಸುಮಾರು 675 ಕೆಜಿ. ಆರ್-290 ಅಂದ್ರೆ ಪ್ರೊಪೇನ್, ಅದರ ಪಾಲು ಹೆಚ್ಚುಕಮ್ಮಿ ಏನೂ ಇಲ್ಲ, ಆದ್ರೆ ಉರಿಯೋ ಗ್ಯಾಸು, ಕೈ ಪಳಗಿರಬೇಕು. ಆರ್-410ಎ, ಆರ್-32 ಥರದ ಎಚ್‌ಎಫ್‌ಸಿ ಗ್ಯಾಸುಗಳನ್ನ ಹಂತ ಹಂತವಾಗಿ ಇಳಿಸೋಕೆ 2016ರಲ್ಲಿ ಕಿಗಾಲಿ ಒಪ್ಪಂದ ಆಗಿದೆ. ಒಪ್ಪಂದ ಜಾರಿ ಆಗೋದು ಕೊನೆಗೆ ನನ್ನಂಥವರ ಕೈಯಲ್ಲಿ. ನಮಗೆ ತರಬೇತಿ, ಗ್ಯಾಸ್ ವಾಪಸ್ ಎಳೆಯೋ ಮಷೀನು ಕೊಡೋದನ್ನ ಯಾವ ಭವಿಷ್ಯದ ನಗರದ ಯೋಜನೆಯಲ್ಲೂ ನಾನು ಓದಿಲ್ಲ.

ಎಂಟನೇ ಕ್ಲಾಸ್ ಮೇಷ್ಟ್ರು:
@ತಂಪುಗಾಳಿ ಅಣ್ಣಾ, ಇದು ನನಗೆ ಪೂರ್ತಿ ಹೊಸ ವಿಷಯ. ಹಾಗಾದ್ರೆ ಎಸಿ ಬೇಡ ಅನ್ನೋದೇ ಸರಿಯಾ?

ತಂಪುಗಾಳಿ:
ಹಾಗಲ್ಲ ಸರ್. 45 ಡಿಗ್ರಿಯಲ್ಲಿ ವಯಸ್ಸಾದವರಿಗೆ ಎಸಿ ಅಂದ್ರೆ ಪ್ರಾಣ. ಮನೆಗೊಂದು ಡಬ್ಬ ಇಟ್ಟು ಬಿಸಿಯನ್ನೆಲ್ಲ ಬೀದಿಗೆ ಉಗುಳೋ ಪದ್ಧತಿ ಬಿಡಬೇಕು. ಸಿಂಗಾಪುರದ ಮರೀನಾ ಬೇಯಲ್ಲಿ ನೆಲದಡಿ ಒಂದೇ ಕಡೆ ನೀರು ತಣ್ಣಗೆ ಮಾಡಿ ಪೈಪಲ್ಲಿ ಸುತ್ತಲಿನ ಕಟ್ಟಡಗಳಿಗೆ ಕಳಿಸ್ತಾರೆ. ದೊಡ್ಡ ಮಷೀನು, ಸರಿಯಾದ ನಿರ್ವಹಣೆ, ಕರೆಂಟೂ ಉಳಿತಾಯ. ಇದು ಮಾತ್ರ ಹೊಸ ಬಡಾವಣೆಯಲ್ಲಿ ಸುಲಭ, ಹಳೇ ಊರಲ್ಲಿ ರಸ್ತೆ ಅಗೀಬೇಕು.

ನಾಳೆಮನೆ:
ನೋಡಿ, ಹೊಸದಕ್ಕೂ ಕೆಲಸ ಇದೆ ಅಂತ ನಾನು ಹೇಳಿದ್ದು ಇದನ್ನೇ.

ಹಳ್ಳಿಕಡೆ:
ನಗರವೇ ಸಮಸ್ಯೆ ಅಂದ್ಮೇಲೆ ಎಲ್ಲರೂ ಹಳ್ಳಿಗೆ ವಾಪಸ್ ಹೋಗೋದೇ ಪರಿಹಾರ. ಮನೆಯಿಂದಲೇ ಕೆಲಸ ಮಾಡಬಹುದಲ್ಲ ಈಗ.

ಲೆಕ್ಕದ ಪುಸ್ತಕ:
@ಹಳ್ಳಿಕಡೆ ನಗರದ ಜೀವನ ಹಳ್ಳಿಯಲ್ಲಿ ಮಾಡೋಕೆ ಹೊರಟ್ರೆ ಹೊಗೆ ಏರುತ್ತೆ. ಹರಡಿ ಹರಡಿ ಮನೆ, ಮನೆಗೊಂದು ಕಾರು, ಪಾರ್ಸೆಲ್ ತರೋಕೆ ವ್ಯಾನು. ಅಕ್ಕಪಕ್ಕದ ಗೋಡೆ, ಒಂದೇ ಪೈಪು, ಒಂದೇ ಬಸ್ಸು, ನಗರಕ್ಕಿರೋ ಅನುಕೂಲ ಇದೇ. ಹಳ್ಳಿಯವರ ಹೊಗೆ ಕಡಿಮೆ ಇರೋದು ಅವರು ಕಡಿಮೆ ಬಳಸೋದ್ರಿಂದ.

ಹಳ್ಳಿಕಡೆ:
ಕಡಿಮೆ ಬಳಸೋದನ್ನ ಯಾರೂ ಭವಿಷ್ಯ ಅಂತ ಕರೆಯಲ್ಲ, ನನಗೆ ಬೇಜಾರು ಅದೇ.

ಕಡಲಬದಿ:
ಮಾರಾಯ್ರೆ, ಹೊಗೆ ಇಳಿಸುವ ಮಾತು ಸಾಕಷ್ಟು ಆಯ್ತು, ಈಗಾಗಲೇ ಬಂದು ತಲೆ ಮೇಲೆ ಬೀಳುವ ಮಳೆಗೆ ಏನು ಮಾಡುವುದು? ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಎರಡು ಗಂಟೆಯಲ್ಲಿ ಸುಮಾರು 150 ಮಿಮೀ ಮಳೆ ಹೊಡೆಯಿತು. ಮರುವರ್ಷವೇ ಅವರು ಇಡೀ ನಗರಕ್ಕೆ ಮೇಘಸ್ಫೋಟದ ಯೋಜನೆ ಮಾಡಿದರು. ಚರಂಡಿ ದೊಡ್ಡದು ಮಾಡುವುದಕ್ಕಿಂತ ನೀರನ್ನು ಮೇಲೆಯೇ ರಸ್ತೆ, ಪಾರ್ಕುಗಳಿಗೆ ಹರಿಸಿ ನಿಲ್ಲಿಸುವುದು ಅಗ್ಗ ಅಂತ ಲೆಕ್ಕ ಹಾಕಿದರು.

ರಾಟರ್‌ಡ್ಯಾಮ್‌ನ ಬೆಂಥೆಂಪ್ಲೈನ್ ಚೌಕ ಉಂಟಲ್ಲ, 2013ರದ್ದು, ಅದನ್ನು ನಾನು ನೋಡಿದ್ದೇನೆ. ಬಿಸಿಲಿದ್ದಾಗ ಹುಡುಗರು ಕೆಳಗೆ ಬಾಸ್ಕೆಟ್‌ಬಾಲ್ ಆಡುತ್ತಾರೆ, ಸುತ್ತ ಮೆಟ್ಟಿಲುಗಳಲ್ಲಿ ಜನ ಕೂರುತ್ತಾರೆ. ಅಕ್ಕಪಕ್ಕದ ಮಾಡಿನ ನೀರು ನೆಲದ ಮೇಲೆಯೇ ಸ್ಟೀಲಿನ ಅಗಲವಾದ ಕಾಲುವೆಯಲ್ಲಿ ಬರುವುದು, ಕಣ್ಣಿಗೆ ಕಾಣುವ ಹಾಗೆ. ಜೋರು ಮಳೆ ಬಂದರೆ ಆಟದ ಅಂಗಳವೇ ಕೊಳ. ಮೂರು ಹೊಂಡ ಸೇರಿ ಸುಮಾರು 17 ಲಕ್ಷ ಲೀಟರ್ ಹಿಡಿಯುತ್ತದೆ. ಹೊಸ ಊರು ಬೇಕಾಗಲಿಲ್ಲ, ಇದ್ದ ಚೌಕವನ್ನೇ ತಗ್ಗು ಮಾಡಿದ್ದು.

ಮಳೆಮಾಪಕ:
@ಕಡಲಬದಿ ಒಪ್ಪಿದೆ, ಆದ್ರೆ ಇದಕ್ಕೂ ಮಿತಿ ಇದೆ. ಚೀನಾದಲ್ಲಿ "ಸ್ಪಂಜು ನಗರ" ಅಂತ ದೇಶದ ಯೋಜನೆಯೇ ಇದೆ: ನೀರಿಳಿಯೋ ಫುಟ್‌ಪಾತು, ಜೌಗು ಪಾರ್ಕು, ಕೆರೆ. ಝೆಂಗ್‌ಝೌ ನಗರವೂ ಅದಕ್ಕೆ ಖರ್ಚು ಮಾಡಿತ್ತು. 2021ರ ಜುಲೈ 20ರಂದು ಅಲ್ಲಿ ಒಂದೇ ಗಂಟೆಯಲ್ಲಿ 201.9 ಮಿಮೀ ಸುರಿಯಿತು. ಮೆಟ್ರೋ ಸುರಂಗದೊಳಗೆ ನೀರು ನುಗ್ಗಿ ಜನ ಸತ್ತರು. ಅಂಥ ಮಳೆಗೆ ಯಾವ ಪಾರ್ಕೂ ಸಾಲಲ್ಲ. ಅಲ್ಲಿ ಬೇಕಿದ್ದಿದ್ದು ಸಮಯಕ್ಕೆ ಮೆಟ್ರೋ ನಿಲ್ಲಿಸೋ ಆದೇಶ. ಮುನ್ನೆಚ್ಚರಿಕೆ ಬಂದಾಗ ಯಾರು, ಯಾವ ಗಳಿಗೆಗೆ, ಏನು ನಿಲ್ಲಿಸಬೇಕು ಅನ್ನೋದು ಬರೆದಿಟ್ಟಿರಬೇಕು.

ಬಸ್ ಪಾಸು:
ಜಕಾರ್ತಾ ಮುಳುಗ್ತಿದೆ ಅಂತ ಇಂಡೋನೇಷ್ಯಾ ರಾಜಧಾನಿಯನ್ನೇ ಕಾಡಿನ ನಡುವೆ ನುಸಾಂತರಾಗೆ ಎತ್ತಿಕೊಂಡು ಹೋಗ್ತಿದೆಯಲ್ಲ, ಅದರ ಬಗ್ಗೆ ಏನಂತೀರಿ?

ಕಡಲಬದಿ:
@ಬಸ್ ಪಾಸು ನನಗೆ ಅದು ಸಿಟ್ಟು ಬರಿಸುವ ವಿಷಯ. ಜಕಾರ್ತಾ ಕುಸಿಯುವುದಕ್ಕೆ ಸಮುದ್ರ ಏರುವುದೊಂದೇ ಕಾರಣ ಅಲ್ಲ. ನಲ್ಲಿ ನೀರು ಎಲ್ಲರಿಗೂ ಸಿಗದೆ ಕೊಳವೆಬಾವಿಯಿಂದ ನೀರೆತ್ತಿ ಎತ್ತಿ ನೆಲವೇ ಕೆಳಗೆ ಇಳಿಯುತ್ತಿದೆ. ಟೋಕಿಯೋ ಕೂಡ ಹಾಗೆಯೇ ಕುಸಿಯುತ್ತಿತ್ತು. 1960-70ರ ದಶಕಗಳಲ್ಲಿ ಅಂತರ್ಜಲ ಎತ್ತುವುದಕ್ಕೆ ಕಡಿವಾಣ ಹಾಕಿದರು, ಕುಸಿತ ಹೆಚ್ಚುಕಡಿಮೆ ನಿಂತಿತು. ನಲ್ಲಿ ನೀರು ಕೊಟ್ಟು ಬಾವಿ ಮುಚ್ಚಿಸುವುದು ಸದ್ದಿಲ್ಲದ ಕೆಲಸ, ಯಾರೂ ಉದ್ಘಾಟನೆಗೆ ಬರುವುದಿಲ್ಲ. ಅಧಿಕಾರಿಗಳು ಹೊಸ ಊರಿಗೆ ಹೋದರೂ ಕೋಟಿಗಟ್ಟಲೆ ಜನ ಹಳೇ ಊರಿನಲ್ಲೇ ಉಳಿಯುತ್ತಾರೆ, ಅವರಿಗೆ ಯಾರು?

ಮರಳುಗಾಡು:
👆 ಈ ಉತ್ತರ ಪಿನ್ ಮಾಡಿ.

ಗಾಲಿಕುರ್ಚಿ:
ನಡೆಯೋ ನಗರ, ಸೈಕಲ್ ನಗರ ಅಂತ ಎಲ್ಲರೂ ಬರೆಯೋವಾಗ ನನ್ನಂಥವರನ್ನ ನೆನಪಿಟ್ಟುಕೊಳ್ಳಿ. ನಾನು ಗಾಲಿಕುರ್ಚಿ ಬಳಸ್ತೀನಿ. ಕಾರು ತೆಗೆದ್ರೆ ನನಗೆ ಉಳಿಯೋದು ಬಸ್ಸು. ಬಸ್ಸಿಗೆ ಮೂರು ಮೆಟ್ಟಿಲಿದ್ರೆ ಏನೂ ಉಳಿಯಲ್ಲ. ಬ್ರೆಜಿಲ್‌ನ ಕುರಿಚಿಬಾದಲ್ಲಿ 1974ರಲ್ಲೇ ಬಸ್ಸಿಗೆ ಪ್ರತ್ಯೇಕ ಪಥ ಮಾಡಿದ್ರು. 1991ರಿಂದ ಕೊಳವೆ ಆಕಾರದ ನಿಲ್ದಾಣ ಬಂತು. ಟಿಕೆಟ್ ಮೊದಲೇ, ನಿಲ್ದಾಣದ ನೆಲ ಬಸ್ಸಿನ ನೆಲಕ್ಕೆ ಸಮ, ನಿಲ್ದಾಣಕ್ಕೆ ಹತ್ತೋಕೆ ಲಿಫ್ಟು. ಅವರು ಮಾಡಿದ್ದು ಬಸ್ಸು ಬೇಗ ಹೊರಡಲಿ ಅಂತ, ನನ್ನಂಥವರಿಗೂ ಬಾಗಿಲು ತೆರೀತು. ಮೆಟ್ರೋಗೆ ದುಡ್ಡಿಲ್ಲದ ಊರು ಇದನ್ನ ಮಾಡ್ತು ಅನ್ನೋದು ಮುಖ್ಯ.

ಬಸ್ ಪಾಸು:
@ಗಾಲಿಕುರ್ಚಿ ನೂರಕ್ಕೆ ನೂರು ನಿಜ ಮೇಡಂ. ಜೊತೆಗೆ, ಚೀನಾದ ಶೆನ್‌ಝೆನ್ ನಗರ 2017ರ ಕೊನೆಗೇ ತನ್ನ 16,000ಕ್ಕೂ ಹೆಚ್ಚು ಬಸ್ಸನ್ನೆಲ್ಲ ವಿದ್ಯುತ್ತಿಗೆ ತಂದಿತು. ಒಂದು ಬಸ್ಸು ಇಡೀ ದಿನ ಓಡುತ್ತೆ, ಸ್ವಂತ ಕಾರು ಇಡೀ ದಿನ ನಿಂತಿರುತ್ತೆ. ಮೊದಲು ಬಸ್ಸಿಗೆ ಬ್ಯಾಟರಿ ಹಾಕಿ.

ರಿಂಗ್ ರಸ್ತೆ:
ಬಸ್ಸು ಬಸ್ಸು ಅಂತೀರಿ. ರಸ್ತೆ ಅಗಲ ಮಾಡಿದ್ರೆ ಟ್ರಾಫಿಕ್ ನಿಲ್ಲಲ್ಲ, ಹೊಗೆ ಕಡಿಮೆ ಆಗುತ್ತೆ. ಸರಳ.

ಸೈಕಲ್ ಬೆಲ್ಲು:
@ರಿಂಗ್ ರಸ್ತೆ ಹ್ಯೂಸ್ಟನ್‌ನ ಕೇಟಿ ಫ್ರೀವೇ ಕೆಲವು ಕಡೆ 26 ಪಥ ಇದೆ. 2008ಕ್ಕೆ ಅಗಲೀಕರಣ ಮುಗೀತು. 2011-14ರ ನಡುವೆ ದಟ್ಟಣೆ ಹೊತ್ತಿನ ಪ್ರಯಾಣ ಸಮಯ ಮತ್ತೆ ಏರಿತು. ಜಾಗ ಕೊಟ್ಟಷ್ಟೂ ಕಾರು ಬರುತ್ತೆ.

ಸ್ಟಾಕ್‌ಹೋಮ್ ಉಲ್ಟಾ ಮಾಡ್ತು. 2006ರಲ್ಲಿ ಏಳು ತಿಂಗಳು ಪ್ರಯೋಗಕ್ಕೆ ಅಂತ ನಗರ ಒಳಗೆ ಬರೋ ಕಾರಿಗೆ ಶುಲ್ಕ ಹಾಕಿತು. ಮೊದಲು ಹೆಚ್ಚಿನವರು ವಿರೋಧಿಸಿದ್ರು. ಗಡಿ ದಾಟೋ ವಾಹನ ಸುಮಾರು 20% ಇಳಿದವು. ಆಮೇಲೆ ಮತ ಹಾಕಿಸಿದಾಗ ನಗರದವರು ಇರಲಿ ಅಂದ್ರು, 2007ರಿಂದ ಕಾಯಂ. ಮೊದಲು ಅನುಭವಿಸೋಕೆ ಬಿಟ್ಟು ಆಮೇಲೆ ಕೇಳಿದ ಕ್ರಮವೇ ಕೆಲಸ ಮಾಡಿದ್ದು.

ರಿಂಗ್ ರಸ್ತೆ:
ಶುಲ್ಕ ಕೊಡೋಕಾಗೋರು ಆರಾಮಾಗಿ ಓಡಾಡ್ತಾರೆ, ಆಗದಿರೋರು ಕೂರ್ತಾರೆ. ಇದು ನ್ಯಾಯ ಅನ್ಸುತ್ತಾ ನಿಮಗೆ?

ಸೈಕಲ್ ಬೆಲ್ಲು:
ಪರ್ಯಾಯ ಇಲ್ಲದೆ ಹಾಕಿದ್ರೆ ಅನ್ಯಾಯವೇ. ಸ್ಟಾಕ್‌ಹೋಮಲ್ಲಿ ಶುಲ್ಕಕ್ಕಿಂತ ಮೊದಲೇ ಹೆಚ್ಚುವರಿ ಬಸ್ಸು ಬಿಟ್ಟಿದ್ರು.

ನೆರಳು:
ನ್ಯಾಯದ ಮಾತು ಬಂತಲ್ಲ, ಬಿಸಿಲಲ್ಲಿ ಕೆಲಸ ಮಾಡೋರ ಬಗ್ಗೆ ಹೇಳ್ತೀನಿ. ಸುತ್ತಲಿನ ಹಳ್ಳಿಗಿಂತ ನಗರ ರಾತ್ರಿ ಬಿಸಿ ಅನ್ನೋದನ್ನ ಹವಾಮಾನ ಅಭ್ಯಾಸ ಮಾಡ್ತಿದ್ದ ಲ್ಯೂಕ್ ಹೊವಾರ್ಡ್ 1810ರ ದಶಕದಲ್ಲೇ ಲಂಡನ್‌ನಲ್ಲಿ ಅಳೆದಿದ್ದ. ಅಂದ್ರೆ ಹವಾಮಾನ ಬದಲಾವಣೆಯ ಮಾತಿಗೂ ಮುಂಚಿನ ಸಮಸ್ಯೆ ಇದು, ಈಗ ಎರಡೂ ಸೇರಿಕೊಂಡಿವೆ. ಅಹಮದಾಬಾದಲ್ಲಿ 2010ರ ಮೇ ತಿಂಗಳಲ್ಲಿ 46.8 ಡಿಗ್ರಿ ಮುಟ್ಟಿ ಬಹಳ ಸಾವಾಯ್ತು. 2013ರಲ್ಲಿ ಅವರು ಶಾಖದ ಅಲೆಗೆ ಕ್ರಿಯಾಯೋಜನೆ ಮಾಡಿದ್ರು, ದಕ್ಷಿಣ ಏಷ್ಯಾದಲ್ಲೇ ಮೊದಲನೇದು. ಮುನ್ಸೂಚನೆ ಬಂದ ಕೂಡ್ಲೇ ಫೋನ್ ಸಂದೇಶ, ಆಸ್ಪತ್ರೆಗೆ ಸಿದ್ಧತೆ, ಕುಡಿಯೋ ನೀರು. ಆಮೇಲೆ ತಗಡು ಮಾಡಿಗೆ ಬಿಳಿ ಬಣ್ಣ ಬಳಿಯೋದೂ ಸೇರಿತು. ಕೊಲಂಬಿಯಾದ ಮೆಡೆಲಿನ್ ರಸ್ತೆ ಬದಿ, ಹಳ್ಳದ ಬದಿ 30 ಹಸಿರು ಪಟ್ಟಿ ಬೆಳೆಸಿತು, ಸುಮಾರು 2 ಡಿಗ್ರಿ ಇಳಿದಿದೆ ಅಂತ ನಗರಾಡಳಿತ ಹೇಳುತ್ತೆ. ಗಿಡ ನೋಡಿಕೊಳ್ಳೋಕೆ ಬಡ ಬಡಾವಣೆಯವರಿಗೇ ತರಬೇತಿ ಕೊಟ್ಟು ಕೆಲಸ ಕೊಟ್ರು.

ಗೋಪುರದ ಮಹಡಿಯಲ್ಲಿರೋ ಮರದ ನೆರಳು ಆ ಮಹಡಿಯವರಿಗೆ. ಬೀದಿ ಮರದ ನೆರಳು ಎಲ್ಲರಿಗೂ.

ಓಣಿಯಾಂವ:
ಖರೇ ಮಾತ್ರಿ. ಆದ್ರ ಗಿಡಾ ಹಚ್ಚೂದು ಫೋಟೋಕ್ಕ, ನೀರ ಹಾಕೂದು ಯಾರಿಗೂ ಬ್ಯಾಡ. ಮೂರ ವರ್ಷ ನೀರ ಹಾಕೂ ಮಂದಿಗೆ ಪಗಾರ ಇಡ್ರಿ ಮೊದಲ.

ಎಂಟನೇ ಕ್ಲಾಸ್ ಮೇಷ್ಟ್ರು:
ಬಹಳ ಕಲಿತೆ. ಇನ್ನೊಂದೇ ಪ್ರಶ್ನೆ @ಕಂಬಿಕಟ್ಟು. ಕೆಡವಬೇಡಿ ಅಂದ್ರಿ. ಹಳೇ ಕಟ್ಟಡ ಸೋರುತ್ತೆ, ಬೇಸಿಗೆಯಲ್ಲಿ ಕಾಯುತ್ತೆ, ಚಳಿಗಾಲದಲ್ಲಿ ಕೊರೆಯುತ್ತೆ. ಜನ ಇರೋವಾಗಲೇ ಅದನ್ನ ಸರಿ ಮಾಡೋಕಾಗುತ್ತಾ?

ಕಂಬಿಕಟ್ಟು:
ಆಗುತ್ತೆ, ಮಾಡಿ ತೋರಿಸಿದ್ದಾರೆ. ಫ್ರಾನ್ಸ್‌ನ ಬೋರ್ಡೋದಲ್ಲಿ ಗ್ರ್ಯಾಂಡ್ ಪಾರ್ಕ್ ಅಂತ 1960ರ ದಶಕದ ಸರ್ಕಾರಿ ವಸತಿ ಸಮುಚ್ಚಯ, ಮೂರು ಬ್ಲಾಕು, 530 ಮನೆ. ವಾಸ್ತುಶಿಲ್ಪಿಗಳಾದ ಆನ್ ಲಕಟೋನ್ ಮತ್ತು ಜಾನ್-ಫಿಲಿಪ್ ವಸ್ಸಾಲ್ ಜೊತೆಗಾರರೊಂದಿಗೆ ಅದನ್ನ ಕೆಡವದೆ ಸರಿ ಮಾಡಿದ್ರು. ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ 2021ರಲ್ಲಿ ಇವರಿಬ್ಬರಿಗೇ ಬಂದಿದ್ದು.

ಕಟ್ಟಡದ ಮುಂದೆ ಕಾರ್ಖಾನೆಯಲ್ಲಿ ತಯಾರಾದ ಹೊಸ ಚೌಕಟ್ಟನ್ನ ಕ್ರೇನಲ್ಲಿ ತಂದು ಒಂದರ ಮೇಲೊಂದು ನಿಲ್ಲಿಸಿದ್ರು. ಆಮೇಲೆ ಹಳೇ ಗೋಡೆಯ ಸಣ್ಣ ಕಿಟಕಿ ತೆಗೆದು ಅಲ್ಲಿ ಎತ್ತರದ ಜಾರುಬಾಗಿಲು. ಅದರಾಚೆಗೆ ಗಾಜಿನ ಮುಚ್ಚಿಗೆಯ ಜಗಲಿ, ಬಾಲ್ಕನಿ. ಚಳಿಯಲ್ಲಿ ಆ ಜಗಲಿ ಬಿಸಿಲು ಹಿಡಿದಿಡುತ್ತೆ, ಬೇಸಿಗೆಯಲ್ಲಿ ಪರದೆ ಎಳೆದು ಗಾಜು ತೆರೆದ್ರೆ ಗಾಳಿ ಆಡುತ್ತೆ. ಹಳೇ ಪಿಲ್ಲರು, ಸ್ಲ್ಯಾಬು ಹಾಗೇ ಇವೆ. ಕೆಲಸ ನಡೆಯೋವಾಗ ಜನ ಅದೇ ಮನೆಯಲ್ಲೇ ಇದ್ರು.

ಗಾಲಿಕುರ್ಚಿ:
ಆಮೇಲೆ ಬಾಡಿಗೆ ಎಷ್ಟು ಏರಿಸಿದ್ರು? ನನ್ನ ಅನುಭವದಲ್ಲಿ ಮನೆ ಚೆನ್ನಾಗಿ ಆಯ್ತು ಅಂದ್ರೆ ಬಾಡಿಗೆದಾರ ಹೊರಗೆ ಅಂತ ಅರ್ಥ.

ಕಂಬಿಕಟ್ಟು:
ಅಲ್ಲಿ ಇದ್ದವರಿಗೆ ಬಾಡಿಗೆ ಏರಿಸಲಿಲ್ಲ. ಮಾಲೀಕತ್ವ ಸಾರ್ವಜನಿಕ ವಸತಿ ಸಂಸ್ಥೆಯದ್ದು, ಹಾಗಾಗಿ ಸಾಧ್ಯ ಆಯ್ತು. ಖಾಸಗಿ ಮಾಲೀಕರಿದ್ದ ಕಡೆ ಕಾನೂನು ಬೇಕು: ರಿಪೇರಿಗೆ ಸರ್ಕಾರದ ಸಹಾಯಧನ ತಗೊಂಡ ಮನೆಗೆ ಇಂತಿಷ್ಟು ವರ್ಷ ಬಾಡಿಗೆ ಏರಿಸೋ ಹಾಗಿಲ್ಲ ಅಂತ ಕರಾರು.

ಗಾಲಿಕುರ್ಚಿ:
ಆ ಕರಾರನ್ನ ಬಾಡಿಗೆದಾರರ ಕೈಗೂ ಒಂದು ಪ್ರತಿ ಕೊಡಬೇಕು. ಮಾಲೀಕರಿಗೂ ಕಚೇರಿಗೂ ಮಾತ್ರ ಗೊತ್ತಿದ್ರೆ ಅದು ಇದ್ದೂ ಇಲ್ಲದ ಹಾಗೆ.

ನಾಳೆಮನೆ:
ಇದನ್ನ ಹೊಸ ಬಡಾವಣೆಗೂ ಹಾಕಿ. ಬಸ್ ಪಥ ಪಕ್ಕದ ಜಾಗದ ಬೆಲೆ ಏರೋದು ಸರ್ಕಾರದ ದುಡ್ಡಿಂದ, ಆ ಮನೆಗಳಲ್ಲಿ ಒಂದು ಪಾಲು ಕಡಿಮೆ ಬಾಡಿಗೆಗೆ ಮೀಸಲಿರಲಿ. ಇಲ್ಲಾಂದ್ರೆ ಬಸ್ಸು ಬೇಕಾದವರೇ ಬಸ್ಸಿಲ್ಲದ ಅಂಚಿಗೆ ಹೋಗಿ ಬೈಕು ತಗೊಳ್ತಾರೆ, ಹೊಗೆ ಲೆಕ್ಕ ಮತ್ತೆ ಅಲ್ಲಿಗೇ ಬಂತು.

ಕಂಬಿಕಟ್ಟು:
@ನಾಳೆಮನೆ ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಐದಾರು ಮಹಡಿಯ ಮಾತು ಮಾತ್ರ ಬಿಡಲ್ಲ, ಅದರ ಬಗ್ಗೆ ಬೇರೆ ಎಳೆ ಶುರು ಮಾಡಿ, ಕಾಲಮ್ ಸೈಜ್ ಲೆಕ್ಕ ಹಾಕಿ ತೋರಿಸ್ತೀನಿ.